ಕಾರಿನ ಶಾಕ್ ಅಬ್ಸಾರ್ಬರ್: ಕಂಪನಿಯದೇ ಹಾಕಿಸಬೇಕಾ, ಹೊರಗಿನದು ನಡೆಯುತ್ತಾ?

ಪುಣೆಯ ಕಾತ್ರಜ್ ಹತ್ತಿರ ನನ್ನ ಗ್ಯಾರೇಜು. ಗಣಪತಿ ಹಬ್ಬಕ್ಕೆ ಊರಿಗೆ ಹೋಗಿ ಬಂದ ವಿಜಯಪುರ, ಬೆಳಗಾವಿ, ಹುಬ್ಬಳ್ಳಿ ಕಡೆಯವರ ಗಾಡಿಗಳು ಆ ವಾರ ಸಾಲಾಗಿ ಬರುತ್ತವೆ. ಮಳೆಗಾಲದ ಗುಂಡಿಗಳ ಕೃಪೆ. ಬಂದವರು ಕೇಳುವುದು ಒಂದೇ: "ತಮ್ಮಾ, ಶಾಕ್ ಹೋಗ್ಯಾವಂತ. ಕಂಪನೀವೇ ಹಾಕಸಬೇಕೇನು, ಹೊರಗಿನವು ನಡೀತಾವೇನು?"

ನಡೆಯುತ್ತವೆ, ಆದರೆ ಎಲ್ಲವೂ ಅಲ್ಲ. ಅದಕ್ಕೂ ಮೊದಲು, ನಿಜವಾಗಿ ಶಾಕ್ ಹೋಗಿದೆಯೋ ಇಲ್ಲವೋ ಖಾತ್ರಿ ಮಾಡಿಕೊಳ್ಳಿ. ಮುಂದಿನಿಂದ ಖಟ್ ಖಟ್ ಸದ್ದು ಬಂದರೆ ಎಷ್ಟೋ ಸಲ ಅದು ಸ್ಟೆಬಿಲೈಸರ್ ಲಿಂಕ್ ರಾಡಿನದು (ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಕಂಬಿಯನ್ನು ಜೋಡಿಸುವ ಸಣ್ಣ ರಾಡು), ಇಲ್ಲವೇ ಜೋಡಣೆಯ ರಬ್ಬರ್ ಬುಶ್‌ನದು. ಇವು ಶಾಕಿನ ಬೆಲೆಯ ಸಣ್ಣ ಪಾಲಿನಲ್ಲಿ ಮುಗಿಯುವ ಕೆಲಸ. ಶಾಕ್ ಸತ್ತಿದ್ದರೆ ಲಕ್ಷಣ ಬೇರೆ. ಹಂಪ್ ದಾಟಿದ ಮೇಲೂ ಗಾಡಿ ಎರಡು ಮೂರು ಸಲ ಕುಣಿಯುತ್ತದೆ, ಬ್ರೇಕ್ ಹಾಕಿದರೆ ಮೂಗು ತೀರಾ ಕೆಳಗೆ ಹೋಗುತ್ತದೆ, ಟೈರಿನ ಮೇಲೆ ಅಂಗೈ ಸವರಿದರೆ ಅಲ್ಲಲ್ಲಿ ತಗ್ಗು ಕೈಗೆ ಸಿಗುತ್ತದೆ. ಚಕ್ರದ ಸಂದಿನಲ್ಲಿ ಟಾರ್ಚ್ ಬಿಟ್ಟು ನೋಡಿ. ಶಾಕಿನ ಮೇಲ್ಭಾಗದಲ್ಲಿ ತೆಳ್ಳಗೆ ಎಣ್ಣೆಯ ಪಸೆ ಇದ್ದರೆ ಗಾಬರಿ ಬೇಡ. ಎಣ್ಣೆ ಇಳಿದು, ಧೂಳು ಮೆತ್ತಿ, ಕಪ್ಪು ಕೆಸರಿನ ಹಾಗೆ ಕೆಳಗಿನವರೆಗೂ ಅಂಟಿದ್ದರೆ ಒಳಗಿನ ಸೀಲ್ ಹೋಗಿದೆ ಎಂದೇ ಅರ್ಥ.

ಇನ್ನು ಆಯ್ಕೆಯ ಮಾತು. ಕಾರು ಕಂಪನಿಗಳು ಸಾಮಾನ್ಯವಾಗಿ ಶಾಕ್ ಅಬ್ಸಾರ್ಬರನ್ನು ತಾವೇ ತಯಾರಿಸುವುದಿಲ್ಲ, ಬೇರೆಯವರಿಂದ ಮಾಡಿಸಿಕೊಂಡು ತಮ್ಮ ಹೆಸರಿನ ಡಬ್ಬಿಯಲ್ಲಿ ಕೊಡುತ್ತವೆ. 1961ರಲ್ಲಿ ಶುರುವಾದ ಗೇಬ್ರಿಯಲ್ ಇಂಡಿಯಾ ನಮ್ಮ ಪುಣೆಯದೇ, ಚಾಕಣದಲ್ಲಿ ಅದರ ಕಾರ್ಖಾನೆಯಿದೆ. ಅದು ಕಾರು ಕಂಪನಿಗಳಿಗೂ ಮಾಲು ಕೊಡುತ್ತದೆ, ತನ್ನ ಹೆಸರಿನಲ್ಲಿ ಅಂಗಡಿಗೂ ಕೊಡುತ್ತದೆ. ಜಪಾನಿನ ಕೆವೈಬಿಯೂ ಹಾಗೆಯೇ. ಬಿಡಿಭಾಗಗಳನ್ನು ಹೊರಗಿನ ಮಾರುಕಟ್ಟೆಗೆ ಸಿಗದಂತೆ ಕಟ್ಟಿಹಾಕಿದ್ದಕ್ಕೆ 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಮೀರಿ ದಂಡ ಹಾಕಿ ಆದೇಶ ಹೊರಡಿಸಿತ್ತು. ಗಿರಾಕಿಗೆ ಆಯ್ಕೆ ಇರಬೇಕು ಎನ್ನುವುದು ಅಷ್ಟು ದೊಡ್ಡ ವಿಷಯ.

ಹಾಗಾಗಿ ನಾನು ಮೊದಲು ಹಳೆಯ ಶಾಕನ್ನು ಬಿಚ್ಚಿ, ಒರೆಸಿ, ಮೈಮೇಲೆ ಯಾರ ಗುರುತಿದೆ ಎಂದು ನೋಡುತ್ತೇನೆ. ಅದೇ ತಯಾರಕರ ಮಾಲು, ನಿಮ್ಮ ಮಾಡೆಲ್ಲಿಗೇ ಹೊಂದುವಂಥದ್ದು ಪುಣೆಯ ನಾನಾ ಪೇಠ್ ಬಡಾವಣೆಯ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಕ್ಕರೆ ಧೈರ್ಯವಾಗಿ ತಗೊಳ್ಳಿ. ವಾರಂಟಿಯಲ್ಲಿರುವ ಗಾಡಿಗೆ, ವಿದ್ಯುತ್ ವೈರ್ ಜೋಡಿಸಿದ ಅಡಾಪ್ಟಿವ್ ಶಾಕ್ (ರಸ್ತೆಗೆ ತಕ್ಕಂತೆ ತಾನೇ ಗಟ್ಟಿ, ಮೆತ್ತಗೆ ಆಗುವಂಥದ್ದು) ಇರುವ ಗಾಡಿಗೆ ಮಾತ್ರ ಕಂಪನಿಯದೇ ಹಾಕಿಸಿ. ಹೆಸರು ಕೇಳದ ಬ್ರ್ಯಾಂಡು, ಎಣ್ಣೆ ತುಂಬಿ ಬಣ್ಣ ಹೊಡೆದ ರಿಪೇರಿ ಮಾಲು ಎಷ್ಟೇ ಅಗ್ಗವಾದರೂ ಬೇಡ. ಪುಣೆ-ಸಾತಾರಾ ದಾರಿಯ ಖಂಬಾಟಕಿ ಘಾಟಿನಲ್ಲಿ ಮಳೆಯಲ್ಲಿ ತಿರುವು ತೆಗೆದುಕೊಳ್ಳುವಾಗ ಟೈರನ್ನು ರಸ್ತೆಗೆ ಒತ್ತಿ ಹಿಡಿಯುವುದು ಇದೇ ಶಾಕು, ಹಿಂದಿನ ಸೀಟಿನಲ್ಲಿ ಮಕ್ಕಳಿರುತ್ತಾರೆ.

ಹುಡುಗರು ಗಟ್ಟಿ ಇರುವ ಸ್ಪೋರ್ಟ್ಸ್ ಶಾಕ್ ಕೇಳುತ್ತಾರೆ. ಶಾಕಿನೊಳಗೆ ಎಣ್ಣೆಯ ಹರಿವನ್ನು ಹಿಡಿತದಲ್ಲಿಡುವ ವಾಲ್ವನ್ನು ನಿಮ್ಮ ಸ್ಪ್ರಿಂಗಿಗೂ ಗಾಡಿಯ ತೂಕಕ್ಕೂ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಸ್ಪ್ರಿಂಗ್ ಹಳೆಯದೇ ಇಟ್ಟು ಶಾಕನ್ನಷ್ಟೇ ಗಟ್ಟಿ ಮಾಡಿದರೆ ಪ್ರತಿ ಗುಂಡಿಯ ಏಟು ನೇರ ಗಾಡಿಯ ಮೈಗೆ ಬಡಿಯುತ್ತದೆ.

ಪಾರ್ಟ್ ನಂಬರ್ ವಿಷಯದಲ್ಲಿ ಅವಸರ ಬೇಡ. ಒಂದೇ ಹೆಸರಿನ ಕಾರಿನಲ್ಲೂ ಪೆಟ್ರೋಲ್, ಡೀಸೆಲ್‌ಗೆ ಬೇರೆ ಇರಬಹುದು, ಮುಂದಿನ ಎಡ ಬಲ ಬೇರೆಯೇ ಇರಬಹುದು. ಆರ್‌ಸಿ ಅಥವಾ ಚಾಸಿ ನಂಬರ್ ಒಯ್ದು ಅಂಗಡಿಯವರಿಂದ ನೋಡಿಸಿ. ಡಬ್ಬಿಯ ಸೀಲು, ಎಂಆರ್‌ಪಿ ಚೀಟಿ ಸರಿ ಇದೆಯಾ ನೋಡಿ, ಜಿಎಸ್‌ಟಿ ಬಿಲ್ ಇಲ್ಲದೆ ಹಣ ಕೊಡಬೇಡಿ. ಕೌಂಟರಿನ ಮೇಲೆಯೇ ಶಾಕನ್ನು ನೆಟ್ಟಗೆ ನಿಲ್ಲಿಸಿ ರಾಡನ್ನು ನಿಧಾನ ಒತ್ತಿ. ಎಣ್ಣೆಯ ಜೊತೆ ಗ್ಯಾಸೂ ತುಂಬಿದ್ದಾದರೆ ಕೈಬಿಟ್ಟ ಕೂಡಲೇ ತಾನಾಗಿ ಮೇಲೇರುತ್ತದೆ, ಬರೀ ಎಣ್ಣೆಯದಾದರೆ ಒತ್ತಿದಲ್ಲೇ ಇರುತ್ತದೆ, ಅದು ದೋಷವಲ್ಲ. ನಿಮ್ಮ ಗಾಡಿಗೆ ಮೊದಲು ಗ್ಯಾಸಿನದಿದ್ದರೆ ಗ್ಯಾಸಿನದೇ ತಗೊಳ್ಳಿ. ನಾಲ್ಕಾರು ಸಲ ಪೂರ್ತಿ ಒತ್ತಿ ಎಳೆದ ಮೇಲೂ ನಡುವೆ ಕೈಗೆ ಖಾಲಿ ಖಾಲಿ ಅನಿಸಿದರೆ ಬೇರೆ ಜೋಡಿ ಕೇಳಿ.

ಕೂರಿಸುವ ಕೆಲಸದಲ್ಲೇ ಒಳ್ಳೆಯ ಮಾಲೂ ಹಾಳಾಗುತ್ತದೆ, ಹಾಗಾಗಿ ಮೆಕ್ಯಾನಿಕ್ ಪಕ್ಕದಲ್ಲೇ ನಿಂತಿರಿ. ಮುಂದಿನ ಎರಡನ್ನೂ ಇಲ್ಲವೇ ಹಿಂದಿನ ಎರಡನ್ನೂ ಜೊತೆಗೇ ಹಾಕಿಸಬೇಕು, ಒಂದೇ ಬದಿ ಬೇಡ. ಹೊಳೆಯುವ ಕ್ರೋಮ್ ರಾಡನ್ನು ಇಕ್ಕಳದಲ್ಲಿ ಹಿಡಿಯಲು ಬಿಡಬೇಡಿ. ಒಂದು ಗೀರು ಬಿದ್ದರೂ ಅದು ಸೀಲನ್ನು ಕೊಯ್ಯುತ್ತದೆ, ಎಣ್ಣೆ ಸೋರುತ್ತದೆ. ಮೇಲಿನ ಮೌಂಟಿಂಗ್ (ಶಾಕನ್ನು ಗಾಡಿಯ ಮೈಗೆ ಹಿಡಿದಿಡುವ ಭಾಗ), ಬೇರಿಂಗ್, ಬಂಪ್ ಸ್ಟಾಪರ್ (ಶಾಕ್ ಪೂರ್ತಿ ಕುಗ್ಗಿದಾಗ ಏಟು ತಡೆಯುವ ರಬ್ಬರ್), ಡಸ್ಟ್ ಕವರ್ ಸವೆದಿದ್ದರೆ ಇದೇ ಕೆಲಸದಲ್ಲಿ ಬದಲಿಸಿ, ಇಲ್ಲದಿದ್ದರೆ ಮತ್ತೆ ಬಿಚ್ಚುವ ಕೂಲಿ ನಿಮ್ಮ ಮೇಲೆ. ಇವುಗಳನ್ನು ನಾನು ಕಂಪನಿಯದೇ ಹಾಕುತ್ತೇನೆ, ಹೊರಗಿನ ರಬ್ಬರ್ ಬೇಗ ಸೀಳುತ್ತದೆ. ಕೆಳಗಿನ ರಬ್ಬರ್ ಬುಶ್‌ನ ಬೋಲ್ಟನ್ನು ಗಾಡಿ ಚಕ್ರದ ಮೇಲೆ ನಿಂತಾಗಲೇ ಕೊನೆಯ ಬಿಗಿ ಕೊಡಬೇಕು. ಜಾಕಿನ ಮೇಲೆ ತೂಗಾಡುತ್ತಿರುವಾಗ ಬಿಗಿದರೆ ಬುಶ್ ತಿರುಚಿಕೊಂಡೇ ಕೂರುತ್ತದೆ. ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ.

ಹೊಸದು ಹಾಕಿಸಿದ ಮೇಲೂ ಸ್ಟೇರಿಂಗ್ ತಿರುಗಿಸುವಾಗ ಟಕ್ ಎಂದರೆ ಶಾಕನ್ನು ದೂರಬೇಡಿ. ಮೌಂಟಿಂಗಿನ ನಟ್ ಸಡಿಲಾಗಿದೆಯೋ, ಬೇರಿಂಗ್ ಓರೆ ಕೂತಿದೆಯೋ ಮೊದಲು ನೋಡಿಸಿ.