ಮೂಟೆಯಲ್ಲಿ ಬರುವ ಅಡುಗೆ ಮ್ಯಾಗಝಿನ್‌ಗಳು: ನನ್ನ ಅನುಭವ

ಅಮೆರಿಕದ ಅಡುಗೆ ಮ್ಯಾಗಝಿನ್ ಒಂದು, ಎಂ-ಬ್ಯಾಗ್ ಅನ್ನೋ ಅಂಚೆ ಮೂಟೆಯಲ್ಲಿ, ಬಸವನಗುಡಿಯ ನಮ್ಮ ಮನೆಗೆ ಬಂದು ಬೀಳೋ ಹೊತ್ತಿಗೆ ಈಗ ಚಂದಾ, ಅಂಚೆ ಎಲ್ಲ ಸೇರಿ 300-350 ರೂಪಾಯಿ ಆಗುತ್ತೆ. ಹಳೇ ಸಂಚಿಕೆ ಆದರೆ ಇನ್ನೂರರ ಆಸುಪಾಸು. ಇದನ್ನು ನಮ್ಮ ಬೇಕಿಂಗ್ ಬಳಗದಲ್ಲಿ ಯಾರೂ ನಂಬಲಿಲ್ಲ. "ಮೂಟೆ ಕಟ್ಟಿ ಕಳಿಸ್ತಾರಂತೆ, ಬಂದ ಮೇಲೆ ನಮಗೂ ತೋರಿಸ್ರೀ" ಅಂತ ನಕ್ಕವರು ಈಗ ಮುಂದಿನ ಮೂಟೆಯಲ್ಲಿ ತಮಗೆ ಎರಡು ಕಿಲೋ ಜಾಗ ಇಡಿ ಅಂತ ಫೋನ್ ಮಾಡ್ತಾರೆ. ಹಾಗಾಗಿ ಒಂದು ಸಲ ಬರೆದಿಟ್ಟುಬಿಡೋಣ ಅಂತ.

ಮೊಬೈಲಿನಲ್ಲೇ ಓದಬಹುದಲ್ಲ ಅನ್ನೋರಿಗೆ ಇದು ಬೇಡ. ಮೈದಾ ಮೆತ್ತಿದ ಕೈಯಲ್ಲಿ ಸ್ಕ್ರೀನ್ ಒರೆಸಿ ಒರೆಸಿ ಸಾಕಾದವರಿಗೆ ಮಾತ್ರ ಹೇಳ್ತಿದೀನಿ.

ದುಡ್ಡು ಹೋದ ದಾರಿಗಳು ಮೊದಲು. ಪ್ರಕಾಶಕರಿಂದಲೇ ನೇರವಾಗಿ ವಿದೇಶಿ ಚಂದಾ ಕಟ್ಟಿದರೆ ಅಮೆರಿಕದವರು ಕೊಡೋದರ ಎರಡು-ಮೂರು ಪಟ್ಟು. ಒಂದು ಪ್ರತಿ 500ರಿಂದ 700 ರೂಪಾಯಿ ಬೀಳುತ್ತಿತ್ತು, ಅದೂ ಬಂದರೆ. ಡಿಸೆಂಬರ್ ಸಂಚಿಕೆ ಶಿವರಾತ್ರಿ ಕಳೆದ ಮೇಲೆ ಬಂದಿದ್ದೂ ಉಂಟು. ಆಮೇಲೆ ಇಲ್ಲಿನ ಒಬ್ಬ ಏಜೆಂಟ್‌ಗೆ ಇಡೀ ವರ್ಷದ ಹಣ ಮುಂಗಡ ಕೊಟ್ಟೆ. ಅರ್ಧ ವರ್ಷ ಪತ್ರಿಕೆ ಬಂತು, ಇನ್ನರ್ಧ ವರ್ಷ "ಮೇಡಂ, ಈ ವಾರ ಗ್ಯಾರಂಟಿ" ಬಂತು. 2021ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದಾಗ ನನ್ನ ಕಾರ್ಡಿನಿಂದ ತಾನಾಗಿ ನವೀಕರಣ ಆಗ್ತಿದ್ದ ಚಂದಾಗಳೆಲ್ಲ ಒಂದೇ ಏಟಿಗೆ ನಿಂತವು. ಅಲ್ಲಿನ ವಿಳಾಸ ಕೊಟ್ಟು ಇಲ್ಲಿಗೆ ರವಾನಿಸೋ ಕಂಪನಿಗಳನ್ನೂ ನೋಡಿದೆ. ಅವರು ಬರೀ ತೂಕ ನೋಡಲ್ಲ, ಡಬ್ಬದ ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ ಐದು ಸಾವಿರದಿಂದ ಭಾಗಿಸಿ, ತೂಕಕ್ಕಿಂತ ಅದು ಹೆಚ್ಚಾದರೆ ಅದನ್ನೇ ಕಿಲೋ ಅಂತಾರೆ. ಸಣ್ಣ ಡಬ್ಬಕ್ಕೆ ಹೇಳಿದ ರೇಟಿನಲ್ಲಿ ಇಲ್ಲಿ ಒಂದು ಓಟಿಜಿ (ಬೇಕಿಂಗ್ ಓವನ್) ಬರ್ತಿತ್ತು.

ಊರಿಗೆ ಬರೋರ ಸೂಟ್‌ಕೇಸು ಪುಕ್ಕಟೆ, ನಿಜ. ಎರಡು ಚೀಲ, ತಲಾ 23 ಕಿಲೋ. ಆದರೆ ಚಾಕೊಲೇಟು, ವಿಟಮಿನ್ ಮಾತ್ರೆ, ಮಕ್ಕಳ ಬಟ್ಟೆ ಎಲ್ಲ ತುಂಬಿದ ಮೇಲೆ ಏರ್‌ಪೋರ್ಟಿನ ತೂಕದ ಯಂತ್ರದ ಮುಂದೆ ಮೊದಲು ಹೊರಗೆ ಬೀಳೋದು ಚಿಕ್ಕಮ್ಮನ, ಅಂದರೆ ನನ್ನ, ಪತ್ರಿಕೆಗಳೇ.

ಕೊನೆಗೆ ಕೈ ಹಿಡಿದದ್ದು ಎಂ-ಬ್ಯಾಗ್. ಒಬ್ಬರೇ ವಿಳಾಸದಾರರಿಗೆ ಮುದ್ರಿತ ಸಾಮಗ್ರಿ ಮಾತ್ರ ತುಂಬಿ ಕಳಿಸೋ ಅಂಚೆ ಚೀಲ ಅದು. ಅಮೆರಿಕದಲ್ಲಿ 66 ಪೌಂಡ್‌ವರೆಗೆ, ಅಂದರೆ ಸುಮಾರು 30 ಕಿಲೋ ತುಂಬಬಹುದು. 2007ರಲ್ಲಿ ಅಲ್ಲಿನ ಅಂಚೆ ಇಲಾಖೆ ವಿದೇಶಕ್ಕೆ ಹಡಗಿನ ಅಂಚೆ ನಿಲ್ಲಿಸಿದ ಮೇಲೆ ಇದೂ ವಿಮಾನದ ದರಕ್ಕೆ ಏರಿತು. ಆಗ ಜನ ಬೈದದ್ದನ್ನು ನೆನಪಿಟ್ಟುಕೊಂಡವರು ಈಗಲೂ "ಅದು ನಿಂತೋಯ್ತು" ಅಂತಾರೆ. ನಿಂತಿಲ್ಲ. ನಾನು ತರಿಸಿದಾಗ ಪೌಂಡಿಗೆ ಹೆಚ್ಚುಕಮ್ಮಿ ಆರು ಡಾಲರ್. ಚೀಲದಲ್ಲಿ ಎಷ್ಟೇ ಕಡಿಮೆ ಇದ್ದರೂ 11 ಪೌಂಡಿನ ಹಣ ಕಟ್ಟಲೇಬೇಕು. ಇದೊಂದು ಗೊತ್ತಿಲ್ಲದೆ ಮೂರು ಕಿಲೋ ಕಳಿಸಿದರೆ ಲೆಕ್ಕ ಕೆಡುತ್ತೆ. ಐದು ಕಿಲೋ ತುಂಬಿಸಿ: ಇಪ್ಪತ್ತೈದು ಇಪ್ಪತ್ತೇಳು ಮ್ಯಾಗಝಿನ್, ಐದೂವರೆ ಸಾವಿರ ರೂಪಾಯಿ ಅಂಚೆ. ಟ್ರ್ಯಾಕಿಂಗ್ ಇಲ್ಲ, ವಿಮೆ ಇಲ್ಲ. ಎದೆ ಗಟ್ಟಿ ಇರಬೇಕು.

ಚಂದಾ ಕಟ್ಟೋದು ಅಕ್ಕನ ಮಗನ ನ್ಯೂಜೆರ್ಸಿ ವಿಳಾಸಕ್ಕೆ, ಆದರೆ 'ಗಿಫ್ಟ್' ಅಂತ. ಆಗ ಅಲ್ಲಿನವರ ದರವೇ ಸಿಗುತ್ತೆ, ನನ್ನ ಕಾರ್ಡಿನಿಂದ ಒಂದೇ ಸಲ ಹಣ ಹೋಗುತ್ತೆ, ನವೀಕರಣದ ತಲೆನೋವಿಲ್ಲ. ವರ್ಷಕ್ಕೆ 12-20 ಡಾಲರ್‌ಗೆ ಬೇಕಾದಷ್ಟು ಪತ್ರಿಕೆ ಇವೆ. ಅದಕ್ಕಿಂತ ಕಡಿಮೆಗೆ ತಗೊಳ್ಳೋ ಒಂದು ವಾರ ಇದೆ ವರ್ಷದಲ್ಲಿ. ಅದು ಯಾವುದು, ಎಲ್ಲಿ ಅಂತ ಇಲ್ಲಿ ಬರೆಯಲ್ಲ. ಎಲ್ಲರೂ ಮುಗಿಬಿದ್ದರೆ ನನಗೇ ಸಿಗಲ್ಲ.

ನಿಜವಾದ ನಿಧಿ ಇರೋದು ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳ ಹಳೇ ಪುಸ್ತಕದ ಮಾರಾಟದಲ್ಲಿ. ಮ್ಯಾಗಝಿನ್ ಒಂದಕ್ಕೆ 10 ಸೆಂಟು, 25 ಸೆಂಟು. 1941ರಿಂದ ಬರ್ತಿದ್ದ ಗೌರ್ಮೆ ಅನ್ನೋ ಅಡುಗೆ ಪತ್ರಿಕೆ 2009ರಲ್ಲಿ ನಿಂತಿತು. ಅದರ ಹಳೇ ಸಂಚಿಕೆಗಳು ನನಗೆ ಸಿಕ್ಕಿದ್ದು ಹೀಗೇ. ಕುಕ್ಸ್ ಇಲಸ್ಟ್ರೇಟೆಡ್ ಪತ್ರಿಕೆ ಅಂತೂ ಮೂಟೆಗೆ ಹೇಳಿ ಮಾಡಿಸಿದ್ದು. 1993ರಲ್ಲಿ ಶುರುವಾದದ್ದು, ಜಾಹೀರಾತೇ ಇಲ್ಲ, ಹಳೇ ಸಂಚಿಕೆಗಳು 32 ಪುಟ ಅಷ್ಟೇ. ನನ್ನ ಅಡುಗೆಮನೆ ತಕ್ಕಡಿಯಲ್ಲಿ ನೂರು ಗ್ರಾಂ ಚಿಲ್ಲರೆ. ಒಂದು ರೆಸಿಪಿ ಹತ್ತಾರು ಸಲ ಕೆಟ್ಟ ಕಥೆಯನ್ನೂ ಬರೀತಾರೆ. ಅದು ಹತ್ತು ವರ್ಷ ತಡವಾಗಿ ಬಂದರೂ ಹಳಸಲ್ಲ. ವರ್ಷಕ್ಕೊಂದು ಮೂಟೆ ಸಾಕು ಅಂತ ನಾನು ತೀರ್ಮಾನಿಸಿದ್ದು ಇದೇ ಕಾರಣಕ್ಕೆ. ದಿನಪತ್ರಿಕೆ ಅಲ್ವಲ್ಲ, ಅವಸರ ಯಾತಕ್ಕೆ?

ಪ್ಯಾಕಿಂಗ್ ವಿಚಾರ. ಮೊದಲ ಸಲ ಹೇಳಿದಾಗ ಅಕ್ಕನ ಮಗ "ಚಿಕ್ಕಮ್ಮ, ಏನು ಅಕ್ಕಿ ಮೂಟೆ ಅಂದ್ಕೊಂಡ್ರಾ?" ಅಂದ. ಈ ಸೇವೆ ಬಳಸೋರು ಅಲ್ಲೂ ಅಪರೂಪ. ಅದಕ್ಕೆ ಅಲ್ಲಿನ ಅಂಚೆ ಇಲಾಖೆಯ ಅಂತರರಾಷ್ಟ್ರೀಯ ಅಂಚೆ ಕೈಪಿಡಿಯ 260ನೇ ವಿಭಾಗ ಪ್ರಿಂಟ್ ತೆಗೆದು ಕೈಯಲ್ಲಿ ಹಿಡ್ಕೊಂಡು ಅಂಚೆ ಕಚೇರಿಗೆ ಹೋಗು ಅಂದೆ. ಅದಾದ ಮೇಲೆ ಸಲೀಸು. ಚೀಲಕ್ಕೆ ಕಟ್ಟೋ ವಿಳಾಸದ ಟ್ಯಾಗ್ ಅವರಲ್ಲೇ ಸಿಗುತ್ತೆ. ಒಳಗಿನ ಪ್ರತಿ ಕಟ್ಟಿನ ಮೇಲೂ ನನ್ನ ಪೂರ್ತಿ ವಿಳಾಸ ಮತ್ತು ಫೋನ್ ನಂಬರ್ ದಪ್ಪ ಮಾರ್ಕರ್‌ನಲ್ಲಿ. ದಾರಿಯಲ್ಲಿ ಚೀಲ ಬಿಚ್ಚಿದರೂ ಕಟ್ಟುಗಳು ಒಂದೊಂದಾಗಿ ಬಂದು ಸೇರುತ್ತವೆ, ಪೋಸ್ಟ್‌ಮ್ಯಾನ್ ಫೋನ್ ಮಾಡ್ತಾರೆ. ಕಟ್ಟೋಕೆ ಮುಂಚೆ ಪ್ರತಿ ಸಂಚಿಕೆಯ ಬೆನ್ನು ಹಿಡಿದು ತಲೆಕೆಳಗು ಮಾಡಿ ಝಾಡಿಸಬೇಕು. ಪುಟಗಳ ನಡುವೆ ತುರುಕಿರೋ ಚಂದಾ ಕಾರ್ಡುಗಳೆಲ್ಲ ಉದುರುತ್ತವೆ. ಒಂದು ಮೂಟೆಗೆ ಕಾಲು ಕಿಲೋ ಹತ್ತಿರ ಬಂತು ಅದು, ಅಂದರೆ ಎರಡು ಕುಕ್ಸ್ ಇಲಸ್ಟ್ರೇಟೆಡ್ ಜಾಗ! ನವೆಂಬರ್ ಸಂಚಿಕೆಗಳನ್ನು ಮನೆಯಲ್ಲೇ ಬಿಡು ಅಂದಿದೀನಿ. ಎಲ್ಲಕ್ಕಿಂತ ದಪ್ಪ ಅವೇ, ಒಳಗೆ ಪುಟಗಟ್ಟಲೆ ಅಲ್ಲಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಟರ್ಕಿ ಕೋಳಿ.

ಪುಸ್ತಕಗಳನ್ನು ಇದರ ಜೊತೆ ಬೆರೆಸಬೇಡಿ. 2019ರ ಬಜೆಟ್‌ನಿಂದ ಆಮದು ಪುಸ್ತಕಕ್ಕೆ ಶೇ 5 ಸುಂಕ ಇದೆ. ಕಸ್ಟಮ್ಸ್ ಫಾರಂನಲ್ಲಿ 'ಬಳಸಿದ ಮ್ಯಾಗಝಿನ್' ಅಂತ ಇದ್ದದ್ದನ್ನು ಇದ್ದಹಾಗೆ, ಕೊಟ್ಟ ಬೆಲೆ ಸಹಿತ ಬರೆಸಿ. ನನಗಂತೂ ಇದುವರೆಗೆ ತಕರಾರು ಬಂದಿಲ್ಲ. ಹೊರಡಿಸೋದು ಜನವರಿಯಲ್ಲಿ. ಮಳೆಗಾಲದಲ್ಲಿ ತರಿಸಿದ ಒಂದು ಕಟ್ಟು ಪಾಲಿಥೀನ್ ಸುತ್ತಿದ್ದರೂ ನೆನೆದು, ಹೊಳಪಿನ ಪುಟಗಳು ಒಂದಕ್ಕೊಂದು ಅಂಟಿ ಇಟ್ಟಿಗೆ ಆಗಿತ್ತು. ಹಬೆ ಕೊಟ್ಟು ಬಿಡಿಸೋಕೆ ನೋಡಿದೆ, ಫ್ರೀಜರ್‌ನಲ್ಲಿ ಇಟ್ಟೂ ನೋಡಿದೆ. ಫ್ರೀಜರ್ ಪರವಾಗಿಲ್ಲ, ಅರ್ಧದಷ್ಟು ಪುಟ ಉಳಿದವು.

ದುಡ್ಡು ಹಂಚೋದಕ್ಕೆ ಬಳಗದ ಮೂರು ಜನ ಸೇರಿದೀವಿ. ಅಂಚೆ ವೆಚ್ಚ ತೂಕದ ಮೇಲೆ, ಚಂದಾ ಅವರವರದ್ದು. ಹುಡುಗನ ಕೂಲಿ ಚಟ್ನಿಪುಡಿ, ಸಾರಿನಪುಡಿ, ಹಪ್ಪಳ. ಅದೂ ಅಲ್ಲಿಗೆ ಹೋಗೋರ ಕೈಲಿ.

ಇದರ ನಡುವೆ ಬ್ರಿಟನ್ನಿನ ದಾರಿಯನ್ನೂ ನೋಡಿದೆ. ರಾಯಲ್ ಮೇಲ್‌ನಲ್ಲಿ ಮುದ್ರಿತ ಕಾಗದಗಳಿಗೆ ಐದು ಕಿಲೋವರೆಗೆ ಅವಕಾಶ, ಎಕಾನಮಿ ಅನ್ನೋ ನಿಧಾನದ ಸೇವೆಯಲ್ಲಿ ಹಾಕಿದರೆ ಅಗ್ಗ. ಗೆಳತಿಯ ಮಗಳು ಬಿಬಿಸಿ ಗುಡ್ ಫುಡ್‌ನ ಎರಡು ಕಿಲೋ ಕಟ್ಟು ಹಾಕಿದ್ದು ಎರಡು ತಿಂಗಳ ಮೇಲೆ ಬಂತು. ತಡ ಆದರೂ ಗ್ರಾಂ, ಸೆಲ್ಸಿಯಸ್‌ನಲ್ಲೇ ಇರೋದರಿಂದ ಓದಿದ ದಿನವೇ ಮಾಡಬಹುದು, ಅಮೆರಿಕದವರ ಕಪ್, ಬೆಣ್ಣೆ ಸ್ಟಿಕ್‌ಗಳ ಲೆಕ್ಕ ಹಾಕ್ತಾ ಕೂರಬೇಕಿಲ್ಲ. ಆಸ್ಟ್ರೇಲಿಯಾದ್ದು ಈ ವರ್ಷ ನೋಡಬೇಕು, ಮೆಲ್ಬರ್ನ್‌ನಲ್ಲಿ ಒಬ್ಬರು ಒಪ್ಪಿದಾರೆ. ಅಲ್ಲಿನ ಪತ್ರಿಕೆ ಹಿಡಿಯೋರು ಒಂದು ಗಮನಿಸಿ: ಅವರ ಟೇಬಲ್ ಸ್ಪೂನ್ 20 ಮಿಲಿ, ನಮ್ಮಲ್ಲಿ ಸಿಗೋ ಸೆಟ್ಟಿನಲ್ಲಿ 15. ಬೇಕಿಂಗ್ ಪೌಡರ್ ಅಳೆಯುವಾಗ ಜೋಪಾನ.