ಹಳದಿ ಗೆರೆ ಪಕ್ಕ ಗಾಡಿ ನಿಲ್ಲಿಸಬಹುದಾ? ಬ್ರಿಟನ್ ಥಿಯರಿ ಟೆಸ್ಟ್ ಬರೆಯುವವರಿಗೆ

ಊರಿನಲ್ಲಿ ಹತ್ತು ವರ್ಷ ಕಾರು ಓಡಿಸಿದವರು ಬ್ರಿಟನ್ನಿಗೆ ಬಂದು ಥಿಯರಿ ಟೆಸ್ಟ್‌ನಲ್ಲಿ ಫೇಲಾಗುವುದನ್ನು ಬೇಕಾದಷ್ಟು ನೋಡಿದ್ದೇನೆ. ನಮ್ಮ ಭಾವ ಮೊದಲ ಸಲ 50ಕ್ಕೆ 42 ತೆಗೆದುಕೊಂಡು ಹೊರಗೆ ಬಂದರು. ಪಾಸಾಗಲು 43 ಬೇಕು. ಮನೆಗೆ ಬರುವ ದಾರಿಯಲ್ಲಿ ಏನೇನು ಕೇಳಿದರು ಅಂತ ವಿಚಾರಿಸಿದೆ. ಅವರಿಗೆ ನೆನಪಿದ್ದ ಪ್ರಶ್ನೆಗಳಲ್ಲಿ ಮೂರು ಹಳದಿ ಗೆರೆಯವು. ಮೂರಕ್ಕೂ ತಪ್ಪು ಉತ್ತರ!

ಅವರಿಗೆ ಓದು ಸಾಲದೆ ಹಾಗಾಗಲಿಲ್ಲ, ಊರಿನ ಓದು ಅಡ್ಡ ಬಂತು. ಎಲ್‌ಎಲ್‌ಆರ್ ಪರೀಕ್ಷೆಗೆ ನಾವೆಲ್ಲ ಬಾಯಿಪಾಠ ಮಾಡಿದ್ದು ಒಂದೇ ಸಾಲು: ಹಳದಿ ಗೆರೆ ಮುಟ್ಟಬಾರದು, ದಾಟಬಾರದು. ಆ ಗೆರೆ ಇರುವುದು ರಸ್ತೆಯ ಮಧ್ಯದಲ್ಲಿ. ಅದರ ಮಾತು ಓವರ್‌ಟೇಕ್ ಬಗ್ಗೆ.

ಹಂತ 1: ಊರಿನ ಹಳದಿಯನ್ನು ಮರೆಯಿರಿ

ಬ್ರಿಟನ್ನಿನಲ್ಲಿ ರಸ್ತೆಯ ನಡುವಿನ ಗೆರೆ ಬಿಳಿ. ದಾಟಬೇಡ ಅಂತ ಹೇಳುವ ಜೋಡಿ ಗೆರೆಯೂ ಬಿಳಿಯೇ. ಹಳದಿ ಗೆರೆ ಇರುವುದು ರಸ್ತೆಯ ಅಂಚಿನಲ್ಲಿ, ಫುಟ್‌ಪಾತ್ ಪಕ್ಕ. ನಾನು ಎಲ್ಲರಿಗೂ ಹೇಳಿಕೊಡುವ ಸೂತ್ರ ಇದು: ಬಿಳಿ ಗೆರೆ ಓಡುವ ಗಾಡಿಗೆ, ಹಳದಿ ಗೆರೆ ನಿಲ್ಲುವ ಗಾಡಿಗೆ. ಪಾದಚಾರಿ ಕ್ರಾಸಿಂಗ್ ಹತ್ತಿರದ ಬಿಳಿ ಜಿಗ್‌ಜ್ಯಾಗ್ ಈ ಸೂತ್ರಕ್ಕೆ ಬಗ್ಗುವುದಿಲ್ಲ, ಅಲ್ಲಿ ಪಾರ್ಕಿಂಗೂ ಇಲ್ಲ, ಓವರ್‌ಟೇಕೂ ಇಲ್ಲ. ಮಿಕ್ಕಂತೆ ಇದು ಕೈಕೊಟ್ಟಿದ್ದು ಕಡಿಮೆ.

ಹಂತ 2: ‘ನಿಲ್ಲಿಸು’ ಅನ್ನುವುದನ್ನು ಮೂರು ಭಾಗ ಮಾಡಿ

ಇಲ್ಲೇ ನಮ್ಮವರೆಲ್ಲ ಎಡವುವುದು. ಸಿಗ್ನಲ್‌ನಲ್ಲಿ ಗಾಡಿ ನಿಲ್ಲಿಸುತ್ತೇವೆ. ಅತ್ತೆಯನ್ನು ಇಳಿಸಲು ನಿಲ್ಲಿಸುತ್ತೇವೆ. ರಾತ್ರಿಯಿಡೀ ಮನೆ ಮುಂದೆಯೂ ನಿಲ್ಲಿಸುತ್ತೇವೆ. ಮೂರಕ್ಕೂ ಒಂದೇ ಮಾತು. ಆದರೆ ಪರೀಕ್ಷೆಯ ಪ್ರಶ್ನೆಗಳಲ್ಲಿ ಸ್ಟಾಪಿಂಗ್, ವೇಟಿಂಗ್, ಲೋಡಿಂಗ್ ಅಂತ ಮೂರು ಬೇರೆ ಬೇರೆ ಪದ ಬರುತ್ತವೆ. ಮೂರನ್ನೂ ತಲೆಯಲ್ಲಿ ‘ನಿಲ್ಲಿಸು’ ಅಂತಲೇ ಓದಿಕೊಂಡರೆ ಮುಗೀತು.

ಅಂಚಿನ ಹಳದಿ ಗೆರೆ ತಡೆಯುವುದು ವೇಟಿಂಗ್ ಅನ್ನು. ಅಂದರೆ ಗಾಡಿಯನ್ನು ಅಲ್ಲಿ ನಿಲ್ಲಿಸಿಕೊಂಡು ಇರುವುದನ್ನು. ಜನರನ್ನು ಹತ್ತಿಸಿಕೊಳ್ಳಲು, ಇಳಿಸಲು ಬೇಕಾದಷ್ಟು ಹೊತ್ತು ನಿಲ್ಲಬಹುದು, ಜೋಡಿ ಗೆರೆಯಿದ್ದರೂ ಸರಿ. ಸಾಮಾನು ತುಂಬಲು, ಇಳಿಸಲು ಕೂಡ ನಿಲ್ಲಬಹುದು, ಅದಕ್ಕೆ ಬೇರೆ ಗುರುತು ಅಡ್ಡ ಬರದಿದ್ದರೆ. ಆ ಗುರುತಿನ ವಿಷಯ ಹಂತ 4ರಲ್ಲಿದೆ.

ನೀವು ಸ್ಟೀರಿಂಗ್ ಮುಂದೆಯೇ ಕೂತಿದ್ದೀರಿ, ಎಂಜಿನ್ ಆನ್ ಇದೆ, ಹೆಂಡತಿ ಅಂಗಡಿಯಿಂದ ಬರುವುದನ್ನು ಕಾಯುತ್ತಿದ್ದೀರಿ ಅಂತಿಟ್ಟುಕೊಳ್ಳಿ. ಇದು ವೇಟಿಂಗೇ. ಒಳಗೆ ಡ್ರೈವರ್ ಇದ್ದರೆ ಪಾರ್ಕಿಂಗ್ ಅಲ್ಲ ಅನ್ನುವ ನಮ್ಮೂರಿನ ವಾದ ಇಲ್ಲಿ ನಡೆಯುವುದಿಲ್ಲ. ‘ಹಜಾರ್ಡ್ ಲೈಟ್ ಹಾಕಿದ್ದೆ ಸಾರ್’ ಅನ್ನುವುದೂ ನಡೆಯುವುದಿಲ್ಲ. ತಪ್ಪು ಪಾರ್ಕಿಂಗ್‌ಗೆ ಆ ದೀಪವನ್ನು ನೆಪ ಮಾಡಬಾರದು ಅಂತ ಹೈವೇ ಕೋಡ್, ಅಂದರೆ ಇಲ್ಲಿನ ರಸ್ತೆ ನಿಯಮಗಳ ಸರ್ಕಾರಿ ಪುಸ್ತಕ, ಬರೆದೇ ಇಟ್ಟಿದೆ. ನಾಲ್ಕು ಆಯ್ಕೆಗಳಲ್ಲಿ ಹಜಾರ್ಡ್ ಲೈಟ್ ಕಂಡ ಕೂಡಲೇ ಅದನ್ನು ಒತ್ತುವವರು ಜಾಸ್ತಿ. ಒತ್ತಬೇಡಿ.

ಇನ್ನೊಂದು ಜಾಣತನವೂ ಬೇಡ: ಎರಡು ಚಕ್ರ ಫುಟ್‌ಪಾತ್ ಮೇಲೆ ಹತ್ತಿಸಿ ‘ನಾನು ಗೆರೆ ಮೇಲಿಲ್ಲ’ ಅನ್ನುವುದು. ಗೆರೆಯ ನಿಯಮ ಸಾಮಾನ್ಯವಾಗಿ ಪಕ್ಕದ ಫುಟ್‌ಪಾತ್‌ಗೂ ಹುಲ್ಲಿನ ಅಂಚಿಗೂ ಸೇರಿಯೇ ಇರುತ್ತದೆ.

ಹಂತ 3: ಗೆರೆ ಎಣಿಸಿ, ಬೋರ್ಡ್ ಹುಡುಕಿ

ಎರಡು ಗೆರೆ ಇದ್ದರೆ ಯಾವ ಹೊತ್ತಿನಲ್ಲೂ ವೇಟಿಂಗ್ ಇಲ್ಲ. ಭಾನುವಾರವೂ ಇಲ್ಲ, ಮಧ್ಯರಾತ್ರಿಯೂ ಇಲ್ಲ. ಬೋರ್ಡ್ ಕಾಣಲಿಲ್ಲ ಅನ್ನಬೇಡಿ, ಜೋಡಿ ಗೆರೆಗೆ ಬೋರ್ಡ್ ಬೇಕಾಗಿಯೇ ಇಲ್ಲ. ಪ್ರವಾಸಿ ಊರುಗಳಲ್ಲಿ ಬರೀ ಕೆಲವು ತಿಂಗಳಿಗೆ ಮಾತ್ರ ನಿಷೇಧ ಇದ್ದರೆ ಆಗ ಬೋರ್ಡ್ ಇರುತ್ತದೆ.

ಒಂದೇ ಗೆರೆ ಇದ್ದರೆ ನಿಷೇಧ ಕೆಲವು ಹೊತ್ತಿಗೆ ಮಾತ್ರ. ಯಾವ ಹೊತ್ತು ಅನ್ನುವುದು ಹತ್ತಿರದ ಕಂಬದ ಮೇಲಿನ ಹಳದಿ ಫಲಕದಲ್ಲಿದೆ. ಅಲ್ಲಿ ಇಲ್ಲದಿದ್ದರೆ ಆ ಬಡಾವಣೆಗೆ ಒಳಗೆ ಬರುವಾಗ ‘ಕಂಟ್ರೋಲ್ಡ್ ಜೋನ್’ ಅನ್ನುವ ಬೋರ್ಡ್ ದಾಟಿ ಬಂದಿರುತ್ತೀರಿ, ಸಮಯ ಅದರಲ್ಲಿರುತ್ತದೆ. ಬ್ಯಾಂಕ್ ರಜೆ, ಅಂದರೆ ಇಲ್ಲಿನ ಸಾರ್ವಜನಿಕ ರಜೆಯ ದಿನ ನಿಯಮವೂ ರಜಾ ತೆಗೆದುಕೊಳ್ಳುತ್ತದೆ ಅಂತ ಸುಮ್ನೆ ಊಹಿಸಬೇಡಿ.

ಹಂತ 4: ಅಂಚಿನ ಕಲ್ಲನ್ನು ನೋಡಿ

ಇದನ್ನು ಯಾರೂ ನೋಡುವುದೇ ಇಲ್ಲ. ರಸ್ತೆಯ ಮೇಲಿನ ಉದ್ದ ಗೆರೆ ಬೇರೆ, ಫುಟ್‌ಪಾತ್‌ನ ಅಂಚುಕಲ್ಲಿನ ಮೇಲೆ ಅಡ್ಡಡ್ಡ ಬಳಿದ ಗಿಡ್ಡ ಹಳದಿ ಪಟ್ಟಿ ಬೇರೆ. ಉದ್ದದ್ದು ವೇಟಿಂಗ್ ಬಗ್ಗೆ, ಗಿಡ್ಡದ್ದು ಲೋಡಿಂಗ್ ಬಗ್ಗೆ. ಕಲ್ಲಿನ ಮೇಲೆ ಒಂದೊಂದೇ ಪಟ್ಟಿ ಇದ್ದರೆ ಬೋರ್ಡ್‌ನಲ್ಲಿ ಹೇಳಿದ ಹೊತ್ತಿನಲ್ಲಿ ಸಾಮಾನು ಇಳಿಸುವ ಹಾಗಿಲ್ಲ. ಎರಡೆರಡು ಪಟ್ಟಿ ಇದ್ದರೆ ಯಾವ ಹೊತ್ತಿನಲ್ಲೂ ಇಲ್ಲ. ಲೋಡಿಂಗ್ ಫಲಕ ಬಿಳಿ, ವೇಟಿಂಗ್ ಫಲಕ ಹಳದಿ.

ಪ್ರಶ್ನೆ ಹೆಣೆಯುವವರು ಇವೆರಡನ್ನೂ ಬೆರೆಸುತ್ತಾರೆ. ರಸ್ತೆಯಲ್ಲಿ ಜೋಡಿ ಗೆರೆ ಇದೆ, ಕಲ್ಲಿನ ಮೇಲೆ ಏನೂ ಇಲ್ಲ. ಸೋಫಾ ಇಳಿಸಬಹುದಾ? ಇಳಿಸಬಹುದು. ಇಳಿಸಿದ ಮೇಲೆ ಒಳಗೆ ಕೂತು ಟೀ ಕುಡಿಯಬಹುದಾ? ಇಲ್ಲ. ಕಲ್ಲಿನ ಮೇಲೆ ಎರಡು ಪಟ್ಟಿ ಇದ್ದರೆ ಸೋಫಾವೂ ಇಲ್ಲ. ಅಂಗವಿಕಲರ ಬ್ಲೂ ಬ್ಯಾಡ್ಜ್ ಇದ್ದವರು ಇಂಗ್ಲೆಂಡಿನಲ್ಲಿ ಹಳದಿ ಗೆರೆ ಮೇಲೆ 3 ಗಂಟೆವರೆಗೆ ನಿಲ್ಲಿಸಬಹುದು, ಲೋಡಿಂಗ್ ನಿಷೇಧ ಇರುವ ಕಡೆ ಅವರಿಗೂ ಆಗುವುದಿಲ್ಲ.

ಹಂತ 5: ಶಾಲೆ ಮುಂದಿನ ಜಿಗ್‌ಜ್ಯಾಗ್

ಹಳದಿ ಜಿಗ್‌ಜ್ಯಾಗ್, ನಡುವೆ ‘ಸ್ಕೂಲ್ ಕೀಪ್ ಕ್ಲಿಯರ್’ ಅಂತ ಬರಹ. ಇಲ್ಲಿ ಮಗುವನ್ನು ಇಳಿಸಲೂ ನಿಲ್ಲಬಾರದು, ಹಂತ 2ರ ರಿಯಾಯಿತಿ ಇಲ್ಲಿಲ್ಲ.

ಹಂತ 6: ಹಳದಿ ಜಾಲರಿ ಪೆಟ್ಟಿಗೆ

ಜಂಕ್ಷನ್ ನಡುವೆ ಹೆಣೆದ ಹಳದಿ ಜಾಲರಿ ನಮಗೆ ಹೊಸದಲ್ಲ. ಬೆಂಗಳೂರಿನ ಕೆಲವು ಸರ್ಕಲ್‌ಗಳಲ್ಲೂ ಬಳಿದಿದ್ದಾರೆ. ಅಲ್ಲಿ ಅದು ಗಾಡಿಗಳ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ, ಅಷ್ಟೇ. ಇಲ್ಲಿ ಕ್ಯಾಮೆರಾ ನೋಡಿ ಮನೆಗೆ ದಂಡದ ಕಾಗದ ಕಳಿಸುತ್ತಾರೆ.

ನಿಯಮ ಹೀಗೆ: ಆಚೆ ನಿಮ್ಮ ಗಾಡಿಗೆ ಜಾಗ ಖಾಲಿ ಇಲ್ಲದಿದ್ದರೆ ಒಳಗೆ ಹೋಗಬೇಡಿ, ಸಿಗ್ನಲ್ ಹಸಿರಿದ್ದರೂ. ಇದು ಎಲ್ಲರಿಗೂ ಗೊತ್ತಿರುತ್ತದೆ. ಪರೀಕ್ಷೆಯಲ್ಲಿ ಕೇಳುವುದು ಇದರ ವಿನಾಯಿತಿಯನ್ನು. ನೀವು ಬಲಕ್ಕೆ ತಿರುಗಬೇಕು. ತಿರುಗಿ ಹೋಗುವ ರಸ್ತೆ ಖಾಲಿ ಇದೆ. ಎದುರಿನಿಂದ ಗಾಡಿಗಳು ಬರುತ್ತಿವೆ, ಅಥವಾ ಬಲಕ್ಕೆ ತಿರುಗಲು ಇನ್ನೊಂದು ಗಾಡಿ ಮುಂದೆ ಕಾಯುತ್ತಿದೆ. ಆಗ ಮಾತ್ರ ಪೆಟ್ಟಿಗೆಯ ಒಳಗೆ ಹೋಗಿ ಕಾಯಬಹುದು. ತಿರುಗುವ ರಸ್ತೆಯೇ ಜಾಮ್ ಆಗಿದ್ದರೆ ಈ ವಿನಾಯಿತಿ ಇಲ್ಲ. ಭಾವ ತಪ್ಪಿದ್ದು ಇಲ್ಲಿಯೇ. ‘ಎಂದೂ ಕಾಯಬಾರದು’ ಅನ್ನುವ ಆಯ್ಕೆ ತುಂಬಾ ಶಿಸ್ತಾಗಿ ಕಂಡಿತಂತೆ. ಸಿಗ್ನಲ್ ಇರುವ ರೌಂಡ್‌ಅಬೌಟ್‌ನಲ್ಲಿ ಮಾತ್ರ ಪೂರ್ತಿ ದಾಟಲು ಆಗದಿದ್ದರೆ ಒಳಗೆ ಹೋಗಲೇಬಾರದು.

ಹಂತ 7: ಚಿಲ್ಲರೆ ಹಳದಿಗಳು

ರೌಂಡ್‌ಅಬೌಟ್‌ಗೆ ಮುಂಚೆ ರಸ್ತೆಗೆ ಅಡ್ಡಲಾಗಿ ಸಾಲು ಹಳದಿ ಪಟ್ಟಿಗಳಿದ್ದರೆ ವೇಗದ ಅರಿವಾಗಲಿ ಅಂತ. ಬಸ್ ಸ್ಟಾಪ್ ಹತ್ತಿರದ ದಪ್ಪ ಹಳದಿ ಗೆರೆ ಬಸ್ಸಿಗೆ, ನಿಮಗಲ್ಲ. ಮೋಟರ್‌ವೇಯಲ್ಲಿ ರಾತ್ರಿ ಮಿನುಗುವ ಹಳದಿ ಗುಂಡಿಗಳು ಡಿವೈಡರ್ ಪಕ್ಕದವು. ಎಡ ಅಂಚಿನವು ಕೆಂಪು.

ಹಂತ 8: ಬುಕಿಂಗ್ ಮತ್ತು ಅಭ್ಯಾಸ

ಪರೀಕ್ಷೆ ಶುಲ್ಕ 23 ಪೌಂಡ್. ಹುಡುಕಿದಾಗ ಮೊದಲು ಬರುವ ವೆಬ್‌ಸೈಟ್ ಸರ್ಕಾರದ್ದೇ ಅಂತ ನಂಬಬೇಡಿ, ಮೇಲೆ ಜಾಸ್ತಿ ದುಡ್ಡು ಕೀಳುವ ಮಧ್ಯವರ್ತಿಗಳಿದ್ದಾರೆ. ಪುಕ್ಕಟೆ ಆ್ಯಪ್‌ಗಳೂ ಬೇಡ. ಒಂದರಲ್ಲಿ ಕಲ್ಲಿನ ಪಟ್ಟಿಯ ಚಿತ್ರಕ್ಕೆ ‘ನೋ ಪಾರ್ಕಿಂಗ್’ ಅಂತ ಉತ್ತರ ಕೊಟ್ಟಿದ್ದು ಕಂಡು ನಾನು ಅದನ್ನು ಅಲ್ಲೇ ಅಳಿಸಿದೆ. ಹೈವೇ ಕೋಡ್ ಪುಸ್ತಕ ಕೊಂಡುಕೊಳ್ಳಿ, ಅದರ ಹಿಂದಿನ ಪುಟಗಳಲ್ಲಿ ಗೆರೆಗಳ ಚಿತ್ರಗಳಿವೆ. ಪ್ರಶ್ನೆಗಳು ಕನ್ನಡದಲ್ಲಿ ಸಿಗುವುದಿಲ್ಲ. ವಿದೇಶಿ ಭಾಷೆಗಳ ಧ್ವನಿ ಸೌಲಭ್ಯವನ್ನು 2014ರಲ್ಲೇ ನಿಲ್ಲಿಸಿದರು. ಫೇಲಾದರೆ ಮೂರು ಕೆಲಸದ ದಿನ ಬಿಟ್ಟು ಮತ್ತೆ ಬರೆಯಬಹುದು.

ಭಾವನನ್ನು ನಾನು ಆ ಶನಿವಾರ ನಮ್ಮ ಪೇಟೆ ಬೀದಿಗೆ ನಡೆಸಿಕೊಂಡು ಹೋದೆ. ಪ್ರತಿ ಕಂಬದ ಹತ್ತಿರ ನಿಂತು ‘ಇಲ್ಲಿ ಅತ್ತೆಯನ್ನು ಇಳಿಸಬಹುದಾ? ಸೋಫಾ? ಟೀ?’ ಅಂತ ಕೇಳಿದೆ. ಎರಡನೇ ಸಲ ಅವರಿಗೆ 48 ಬಂತು.