ಯಾಶಾ ಗೋಬಿ ಸಾಕುವವರು ಮೊದಲು ಮರಳನ್ನು ಸಿದ್ಧ ಮಾಡಿಕೊಳ್ಳಿ

ಯಾಶಾ ಗೋಬಿ ಪೂರ್ತಿ ಬೆಳೆದರೂ ಐದಾರು ಸೆಂ.ಮೀ. ಉದ್ದದ ಪುಟ್ಟ ಸಮುದ್ರ ಮೀನು. ಬಿಳಿ ಮೈ, ಓರೆಯಾದ ಕೆಂಪು ಪಟ್ಟೆ, ಬೆನ್ನ ಮೇಲೆ ಬಾವುಟದಂತೆ ನಿಮಿರಿದ ರೆಕ್ಕೆ. ಇದರ ನೆಲೆ ಜಪಾನಿನ ರ್ಯೂಕ್ಯೂ ದ್ವೀಪಗಳಂಥ ಕಡೆ, ಹವಳದ ಬುಡದ ಮರಳು. ಸ್ಟೋನೊಗೋಬಿಯಾಪ್ಸ್ ಯಾಶಾ ಎಂಬ ಶಾಸ್ತ್ರೀಯ ಹೆಸರು ಬಂದದ್ದು 2001ರಲ್ಲಿ. ನಮ್ಮ ‘ಯಕ್ಷ’ ಎಂಬ ಮಾತೇ ಜಪಾನಿಗೆ ಹೋಗಿ ‘ಯಾಶಾ’ ಆಗಿದೆ.

ಈ ಮೀನು ಬಿಲ ತೋಡುವುದಿಲ್ಲ. ತೋಡುವುದು ಇದರ ಜೊತೆಗಾರ, ರ್‍ಯಾಂಡಲ್ ಪಿಸ್ತೂಲ್ ಸೀಗಡಿ. ಸೀಗಡಿಗೆ ಕಣ್ಣು ಮಂದ. ಹೊರಗೆ ಬಂದಾಗಲೆಲ್ಲ ಅದರ ಒಂದು ಮೀಸೆ ಮೀನಿನ ಮೈಗೆ ತಾಗಿಕೊಂಡೇ ಇರುತ್ತದೆ. ಅಪಾಯ ಕಂಡ ಮೀನು ಬಾಲ ಅದುರಿಸಿದರೆ ಸಾಕು, ಸೀಗಡಿ ಒಳಗೆ ಓಡುತ್ತದೆ, ಹಿಂದೆಯೇ ಮೀನು ತಲೆಯೂರಿ ನುಗ್ಗುತ್ತದೆ. ಇವೆರಡನ್ನೂ ಒಟ್ಟಿಗೇ ತನ್ನಿ. ಒಂಟಿ ಯಾಶಾ ಕಲ್ಲಿನ ಸಂದಿಯಲ್ಲಿ ಅಡಗಿ, ತಿನ್ನದೆ ಸೊರಗುವುದೇ ಹೆಚ್ಚು.

60 × 30 × 36 ಸೆಂ.ಮೀ. ಟ್ಯಾಂಕ್ ಒಂದು ಜೋಡಿಗೆ ಸಾಕು. ಮೊದಲು ಕಲ್ಲುಗಳನ್ನು ಬರಿ ಗಾಜಿನ ತಳದ ಮೇಲೇ ಅಲುಗದಂತೆ ಕೂರಿಸಿ, ಆಮೇಲೆ ಸುತ್ತ ಮರಳು ಸುರಿಯಿರಿ. ಮರಳಿನ ಮೇಲೆ ಕಲ್ಲಿಟ್ಟರೆ ಸೀಗಡಿ ಅಡಿಯಲ್ಲೇ ಸುರಂಗ ಕೊರೆಯುತ್ತದೆ, ಒಂದು ರಾತ್ರಿ ಕಲ್ಲು ಕುಸಿದು ಎರಡೂ ಅಪ್ಪಚ್ಚಿಯಾಗುತ್ತವೆ. ಮರಳಿನ ಆಳ 6 ಸೆಂ.ಮೀ. ಇರಲಿ, ಈ ಟ್ಯಾಂಕಿಗೆ ಸುಮಾರು 15 ಕೆ.ಜಿ. ಬೇಕಾಗುತ್ತದೆ. ಬರೀ ನುಣ್ಣನೆಯ ಮರಳಿನಲ್ಲಿ ಬಿಲದ ಮಾಡು ನಿಲ್ಲುವುದಿಲ್ಲ. ಮುಕ್ಕಾಲು ಪಾಲು 1–2 ಮಿ.ಮೀ. ಅರಗೊನೈಟ್ (ಸುಣ್ಣದಂಶದ) ಮರಳಿಗೆ ಕಾಲು ಪಾಲು 1–3 ಸೆಂ.ಮೀ. ಹವಳದ ಚೂರು, ಚಿಪ್ಪು ಬೆರೆಸಿ. ಈ ಚೂರುಗಳನ್ನೇ ಸೀಗಡಿ ಬಾಗಿಲ ಸುತ್ತ ಕಟ್ಟೆಯಂತೆ ಜೋಡಿಸುವುದು. ಕಲ್ಲಿನ ಬುಡದಲ್ಲಿ 20 ಮಿ.ಮೀ. ಪಿವಿಸಿ ಪೈಪಿನ 10 ಸೆಂ.ಮೀ. ತುಂಡನ್ನು ಓರೆಯಾಗಿ ಹೂತಿಟ್ಟರೆ ಮೊದಲ ದಿನದ ಮನೆ ಸಿದ್ಧ.

ಉಪ್ಪು ಕರಗಿಸಲು ಆರ್‌ಒ ಫಿಲ್ಟರಿನ ಶುದ್ಧ ನೀರನ್ನೇ ಬಳಸಿ, ಬೋರ್‌ವೆಲ್ ನೀರು ಬೇಡ. ಅಕ್ವೇರಿಯಂ ಸಮುದ್ರ ಉಪ್ಪನ್ನು ಲೀಟರಿಗೆ 36–38 ಗ್ರಾಂ ಕರಗಿಸಿ, ಸಾಂದ್ರತೆ 1.025 ಇದೆಯೇ ಎಂದು ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ನೋಡಿ. ಆವಿಯಾದಷ್ಟಕ್ಕೆ ಸಪ್ಪೆ ನೀರನ್ನೇ ತುಂಬಬೇಕು, ಉಪ್ಪು ಆವಿಯಾಗುವುದಿಲ್ಲವಲ್ಲ. ಉಷ್ಣತೆ 24–26 ಡಿಗ್ರಿ. ಫ್ಯಾನ್ ಗಾಳಿ ಬೆಂಗಳೂರಿನಲ್ಲಿ ಕೆಲಸ ಮಾಡೀತು. ಮಂಗಳೂರಿನ ಸೆಕೆಯಲ್ಲಿ ನೀರು ಬೇಗ ಆವಿಯಾಗದ ಕಾರಣ ಚಿಲ್ಲರ್ ಬೇಕೇ ಬೇಕು. ಹೊಸ ಟ್ಯಾಂಕಿನ ನೀರಿನಲ್ಲಿ ವಿಷವಾಗುವ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಜೀವಿ ಬಿಡಬೇಡಿ.

ತಂದ ದಿನ ದೀಪ ಆರಿಸಿಡಿ. ಸೀಗಡಿಗೆ ಉಪ್ಪಿನ ವ್ಯತ್ಯಾಸ ತಡೆಯದು. ಸೆಕೆಂಡಿಗೆ ಎರಡು ಹನಿಯಂತೆ ಒಂದೂವರೆ ಗಂಟೆ, ಅವು ಬಂದ ನೀರಿಗೆ ಟ್ಯಾಂಕಿನ ನೀರು ಬೆರೆಸಿ. ಮೊದಲು ಸೀಗಡಿಯನ್ನು ಪೈಪಿನ ಬಾಯಿಗೇ ಬಿಡಿ, ಬಳಿಕ ಅಲ್ಲೇ ಮೀನನ್ನು. ಕೆಲವು ಜೋಡಿ ಗಂಟೆಯೊಳಗೆ ಕೂಡುತ್ತವೆ, ಕೆಲವಕ್ಕೆ ವಾರ ಬೇಕು.

ಯಾಶಾ ಸಾಯುವುದು ಹೆಚ್ಚಾಗಿ ಹಾರಿ ಅಥವಾ ಹಸಿದು. ಮುಚ್ಚಳದ ಬಲೆಯ ಕಣ್ಣು 5 ಮಿ.ಮೀ. ಮೀರಬಾರದು. ವೈರು, ಪೈಪು ಹೋಗುವ ಕಿಂಡಿಯನ್ನೂ ಮುಚ್ಚಿ. ಪೆನ್ಸಿಲಿನಷ್ಟು ಸಪೂರ ಮೀನಿಗೆ ಅಷ್ಟು ಜಾಗ ಸಾಕು. ಇದು ಆಹಾರ ಹುಡುಕಿಕೊಂಡು ಹೋಗುವ ಮೀನಲ್ಲ, ಬಾಗಿಲ ಮುಂದೆ ತೇಲಿ ಬಂದದ್ದನ್ನು ಕಚ್ಚುವ ಮೀನು. ಮಂಜುಗಡ್ಡೆ ಕರಗಿಸಿದ ಮೈಸಿಸ್ ಮತ್ತು ಆರ್ಟೀಮಿಯಾವನ್ನು (ಎರಡೂ ಸೀಗಡಿಯಂಥ ಪುಟ್ಟ ಜೀವಿಗಳು) ಉದ್ದ ಪಿಪೆಟ್‌ನಿಂದ ಬಿಲದ ಸ್ವಲ್ಪ ಮೇಲ್ಗಡೆ ದಿನಕ್ಕೆ ಎರಡು ಸಲ ಮೆಲ್ಲಗೆ ಬಿಡಿ. ಆಗ ಪಂಪು ನಿಲ್ಲಿಸಿರಿ. ಹೊಟ್ಟೆ ಒಳಸರಿದಂತೆ ಕಂಡರೆ ಮೂರು ಸಲ ಕೊಡಿ. ರಾಸ್ ಮತ್ತು ಹಾಕ್‌ಫಿಶ್ ಜಾತಿಯ ಹಲವು ಮೀನುಗಳು ಸೀಗಡಿಯನ್ನು ನುಂಗುತ್ತವೆ, ಡಾಟಿಬ್ಯಾಕ್ ಮೀನು ಗೋಬಿಯನ್ನು ಬಿಲದಿಂದ ಹೊರಬರಗೊಡದು. ಈ ಮೂರೂ ಬೇಡ. ಮೀನಿಗೆ ರೋಗ ಬಂದರೆ ಬೇರೆ ಟ್ಯಾಂಕಿಗೆ ತೆಗೆದು ಔಷಧ ಕೊಡಿ, ತಾಮ್ರ ಬೆರೆತ ಔಷಧ ಸೀಗಡಿಗೆ ವಿಷ.

ಸೀಗಡಿ ವಾರಗಟ್ಟಲೆ ಕಾಣದಿದ್ದರೂ ಮರಳು ಕೆದಕಬೇಡಿ. ಚಿಪ್ಪು ಕಳಚುವಾಗ ಅದು ಒಳಗೇ ಉಳಿಯುತ್ತದೆ. ಒಂದು ಬೆಳಿಗ್ಗೆ ಬಿಲದ ಹೊರಗೆ ಕಾಲು, ಮೀಸೆ ಸಮೇತ ಪಾರದರ್ಶಕ ಸೀಗಡಿಯೊಂದು ಬಿದ್ದಿದ್ದರೆ ಅದು ಹೆಣವಲ್ಲ, ಬಿಟ್ಟ ಹಳೆಯ ಚಿಪ್ಪು.